ಬೇಸ್ ಆಂಪ್ ಸೆಕೆಂಡ್ ಹ್ಯಾಂಡ್ ತಗೊಳೋರು ಓದಿ: "ಪೇಂಟ್ ಡಬ್ಬ ಅದುರ್ತಿದೆ" ಅಂದ, ನಾನು ನಂಬಿದೆ

ಮೊದ್ಲೇ ಹೇಳ್ಬಿಡ್ತೀನಿ, ತಪ್ಪು ನಂದೂ ಇದೆ, ಅದಕ್ಕೇ ಹೊಟ್ಟೆ ಇಷ್ಟು ಉರೀತಿರೋದು. ನಾನು ಓದಿದ್ದು ಬಿಇ ಎಲೆಕ್ಟ್ರಿಕಲ್. ದಾವಣಗೆರೆಯಲ್ಲಿ ನಾಲ್ಕು ವರ್ಷ ಟ್ರಾನ್ಸ್‌ಫಾರ್ಮರು ಮೋಟರು ಅಂತ ಲ್ಯಾಬಲ್ಲಿ ಬೆವರು ಹರಿಸಿದೋನು, ಈಗ ಅಮೆರಿಕದ ಬೇ ಏರಿಯಾದಲ್ಲಿ ಬೇರೆಯೋರ ಸಾಫ್ಟ್‌ವೇರಲ್ಲಿ ತಪ್ಪು ಹುಡುಕೋದೇ ನನ್ನ ಹೊಟ್ಟೆಪಾಡು. ಅಂಥವನಿಗೆ ಒಬ್ಬ ತನ್ನ ಗ್ಯಾರೇಜಲ್ಲಿ ನಿಂತ್ಕೊಂಡು ಹಾಡುಹಗಲೇ ಟೋಪಿ ಹಾಕಿ ಕಳಿಸಿದ.

ಮಗಳು ಏಳನೇ ಕ್ಲಾಸು, ಮಿಡ್ಲ್ ಸ್ಕೂಲ್ ಜಾಝ್ ಬ್ಯಾಂಡಲ್ಲಿ ಬೇಸ್ ಗಿಟಾರ್ ನುಡಿಸ್ತಾಳೆ. ಸ್ಕೂಲಿನ ಹಳೇ ಬೇಸ್ ಆಂಪ್ (ಬೇಸ್ ಗಿಟಾರ್ ಸಿಗಿಸಿ ಸದ್ದು ಜೋರು ಮಾಡೋ ಸ್ಪೀಕರ್ ಪೆಟ್ಟಿಗೆ) ಚಳಿಗಾಲದ ರಜಕ್ಕೆ ಮುಂಚೆ ಸತ್ತೇಹೋಯ್ತು. ಇಲ್ಲಿ ಇಂಥದ್ದಕ್ಕೆಲ್ಲ ಪೇರೆಂಟ್ಸ್ ಬೂಸ್ಟರ್ ಕ್ಲಬ್ ಅಂತ ಮಾಡ್ಕೊಂಡು ದುಡ್ಡು ಎತ್ತುತ್ತಾರೆ. ಕಾರ್ ತೊಳೆದು, ಸಮೋಸ ಮಾರಿ 400 ಡಾಲರ್ ಆಗಿತ್ತು, ಅದ್ರಲ್ಲಿ ಸಮೋಸ ಅರ್ಧಕ್ಕರ್ಧ ನಮ್ಮನೇದೇ. ಮೀಟಿಂಗಲ್ಲಿ ನಾನೇ ಕೈ ಎತ್ತಿದೆ, "ನಾನ್ ನೋಡ್ಕೋತೀನಿ ಬಿಡಿ, ನಾನು ಎಲೆಕ್ಟ್ರಿಕಲ್ ಇಂಜಿನಿಯರ್ರು" ಅಂತ. ಯಾಕೆ ಎತ್ತಿದ್ನೋ ಆ ಕೈನ.

ಆಡ್ ಹೀಗಿತ್ತು: 300 ವ್ಯಾಟ್ ಬೇಸ್ ಆಂಪ್, 12 ಇಂಚ್ ಸ್ಪೀಕರ್, ಚರ್ಚಲ್ಲಿ ಮಾತ್ರ ಬಳಸಿದ್ದು, 380 ಡಾಲರ್. ನಾನು ಚೌಕಾಸಿ ಮಾಡಿ 350ಕ್ಕೆ ಇಳಿಸಿದೆ, ಗೆದ್ದೆ ಅನ್ಕೊಂಡೆ. ಶನಿವಾರ ಬೆಳಗ್ಗೆ ಮಗಳನ್ನ ಕೂರಿಸ್ಕೊಂಡು 580 ಹೈವೇಲಿ ಆಲ್ಟಮಾಂಟ್ ಗುಡ್ಡ ದಾಟಿ ಟ್ರೇಸಿ ಅನ್ನೋ ಊರಿಗೆ ಹೋದ್ವಿ.

ಹೋಗೋ ಹೊತ್ತಿಗೆ ಮಾರೋನು ಆಂಪ್ ಆನ್ ಮಾಡಿ ರೆಡಿ ಇಟ್ಟಿದ್ದ, ಕೈಯಲ್ಲಿ ಅವನದೇ ಬೇಸ್. ಟಕಾ ಟಕಾ ಅಂತ ಏನೋ ಬೆರಳಾಟ ತೋರಿಸ್ದ, ನಾನು ಬಾಯಿ ಬಿಟ್ಕೊಂಡು ನೋಡಿದೆ. ಈಗ ನೆನೆಸ್ಕೊಂಡ್ರೆ ಗೊತ್ತಾಗುತ್ತೆ, ನುಡಿಸಿದ್ದೆಲ್ಲಾ ತೆಳು ತಂತಿ ಮೇಲೆ, ಕತ್ತು ಬಾಡಿಗೆ ಸೇರೋ ಕಡೆ, ಬರೀ ಮೇಲಿನ ಸ್ವರಗಳು. ದಪ್ಪ ತಂತಿ ಮುಟ್ಟಲೇ ಇಲ್ಲ ಪುಣ್ಯಾತ್ಮ. ಆಮೇಲೆ ಫೋನ್ ಸಿಗಿಸಿ ಹಾಡು ಹಾಕಿದ, ಚೆನ್ನಾಗೇ ಕೇಳ್ತು. ಫೋನಿನ ಹಾಡು ಸಣ್ಣ ಸೌಂಡಲ್ಲಿ ಎಂಥಾ ಡಬ್ಬಾದಲ್ಲೂ ಚೆನ್ನಾಗೇ ಕೇಳುತ್ತೆ ಕಣ್ರೀ.

ಆಮೇಲೆ ಮಗಳು ತನ್ನ ಬೇಸ್ ಸಿಗಿಸಿ ಕೆಳಗಿನ ಇ ತಂತಿ, ಅಂದ್ರೆ ಎಲ್ಲಕ್ಕಿಂತ ದಪ್ಪ ತಂತಿ, ಮೀಟಿದ್ಲು. ಬರ್ರ್ರ್ ಅಂತು. ಇನ್ನೊಂದ್ಸಲ, ಮತ್ತೆ ಬರ್ರ್ರ್. "ಅಪ್ಪಾ, ಏನೋ ಬಝ್ ಆಗ್ತಿದೆ" ಅಂದ್ಲು. ಅವನು ನಕ್ಕ. ಗೋಡೆ ಪಕ್ಕದ ಶೆಲ್ಫಲ್ಲಿ ಮೂರ್ನಾಲ್ಕು ಹಳೇ ಪೇಂಟ್ ಡಬ್ಬ ಇದ್ವು, ಅದ್ರ ಮೇಲೆ ಕೈ ಇಟ್ಟು, "ಇದು ಸ್ವೀಟೀ, ಈ ಡಬ್ಬಗಳು ಅದುರ್ತಿರೋದು, ಅಷ್ಟು ಪವರ್ ಇದೆ ಇದಕ್ಕೆ" ಅಂದ. ಅನ್ನುತ್ತಾ ಅನ್ನುತ್ತಾ ಆಂಪ್ ಹತ್ರ ಬಂದು ಬೇಸ್ ನಾಬ್ ಪೂರ್ತಿ ಕೆಳಗೆ ತಿರುಗಿಸ್ಬಿಟ್ಟ. "ಈಗ ನೋಡು" ಅಂದ. ಬರ್ರ್ ನಿಂತೋಯ್ತು. ನಿಲ್ಲದೇ ಇನ್ನೇನು, ಕೆಳಗಿನ ಸ್ವರಾನೇ ಕತ್ತರಿಸಿ ಹಾಕಿದ್ನಲ್ಲ!

ನಾನೇನು ಮಾಡಿದೆ ಗೊತ್ತಾ? ಮಗಳಿಗೆ ಹೇಳಿದೆ, "ಡಬ್ಬ ಪುಟ್ಟಿ, ಡಬ್ಬ ಅದುರ್ತಿರೋದು" ಅಂತ. ನಾನೇ ಹೇಳಿದೆ. ಅವನ ಪರವಾಗಿ. ಅವಳು ನನ್ನ ಮುಖ ನೋಡಿ ಸುಮ್ನಾದ್ಲು. ಆ ಡಬ್ಬಗಳನ್ನ ಕೆಳಗಿಳಿಸಿ ಇನ್ನೊಂದ್ಸಲ ನುಡಿಸು ಅಂದಿದ್ರೆ ಮುಗೀತಿತ್ತು, ಎರಡು ನಿಮಿಷದ ಕೆಲಸ. ದಿನಾ ಆಫೀಸಲ್ಲಿ ಮಾಡೋದು ಅದನ್ನೇ, ಒಂದೊಂದಾಗಿ ತೆಗೆದು ನೋಡೋದು. ಮಾಡ್ಲಿಲ್ಲ. 350 ಡಾಲರ್ ಕ್ಯಾಶ್ ಎಣಿಸಿ ಕೊಟ್ಟೆ, ರಸೀದಿ ಕೇಳೋಕೂ ಸಂಕೋಚ ಆಯ್ತು, ಥ್ಯಾಂಕ್ಯೂ ಬೇರೆ ಹೇಳಿ ಬಂದೆ.

ಸೋಮವಾರ ಬೆಳಗ್ಗೆ ಏಳು ಗಂಟೆಗೆ ಪ್ರಾಕ್ಟೀಸು. ಹತ್ತಿರ ಹತ್ತಿರ 50 ಪೌಂಡ್ ಇದೆ, ನಾನೇ ಹೊತ್ಕೊಂಡು ಹೋದೆ, ಎಲ್ರೂ ನೋಡ್ಲಿ ಅಂತ. ಐದು ಸ್ಯಾಕ್ಸ್, ನಾಲ್ಕು ಟ್ರಾಂಬೋನ್, ನಾಲ್ಕು ಟ್ರಂಪೆಟ್ ಒಟ್ಟಿಗೆ ಊದೋಕೆ ಶುರು ಮಾಡಿದ್ರೆ ಆ ರೂಮಲ್ಲಿ ನಮ್ಮ ಮಾತು ನಮಗೇ ಕೇಳಲ್ಲ. ಸ್ವಿಂಗ್ ಅನ್ನೋ ಜಾಝ್ ಶೈಲೀಲಿ ಬೇಸ್ ಪ್ರತಿ ತಾಳಕ್ಕೂ ಒಂದು ಸ್ವರ ಹಾಕ್ತಾ ನಡೀತಾನೇ ಇರ್ಬೇಕು, ಉಳಿದೋರೆಲ್ಲ ಅದನ್ನೇ ಹಿಡ್ಕೊಂಡು ಹೋಗ್ತಾರೆ. ಸೌಂಡ್ ಸಣ್ಣಗಿಟ್ರೆ ಹಿಂದಿನ ಸಾಲಿಗೆ ಬೇಸೇ ಕೇಳಲ್ಲ, ಡ್ರಮ್ ಹುಡುಗ ತಾಳ ಬಿಟ್ಟು ಮುಂದೆ ಓಡ್ತಾನೆ. ಜೋರು ಮಾಡಿದ್ರೆ ಬರ್ರ್ರ್. ಎಡಗಡೆ ಹರಿದ ಮೃದಂಗ ಇಟ್ಕೊಂಡು ಕಛೇರಿಗೆ ಕೂತ ಹಾಗೆ. ಅಲ್ಲಿ ಯಾವ ಪೇಂಟ್ ಡಬ್ಬಾನೂ ಇರ್ಲಿಲ್ಲ. ಮಗಳು ನನ್ನ ಕಡೆ ತಿರುಗೂ ನೋಡ್ಲಿಲ್ಲ.

ಬ್ಯಾಂಡ್ ಮೇಷ್ಟ್ರು ಸ್ವತಃ ಬೇಸ್ ನುಡಿಸೋರು. ಪ್ರಾಕ್ಟೀಸ್ ಮುಗಿದ್ಮೇಲೆ ಮುಂದಿನ ಜಾಲರಿ ತೆಗೆದು, ಸ್ಕ್ರೂ ಬಿಚ್ಚಿ, ಸ್ಪೀಕರ್ ಆಚೆ ಎಳೆದು ಹಿಂದಿನ ಲೇಬಲ್ ತೋರಿಸಿದ್ರು. ಗಿಟಾರ್ ಸ್ಪೀಕರ್! ಒರಿಜಿನಲ್ ಸುಟ್ಟಿರ್ಬೇಕು, ಯಾವುದೋ ಗಿಟಾರ್ ಆಂಪಿಂದು ಬಿಚ್ಚಿ ತುರುಕಿದ್ದಾನೆ. ಗಿಟಾರಿನ ಕೆಳಗಿನ ಇ 82 ಹರ್ಟ್ಜ್, ಬೇಸಿಂದು ಅದ್ರರ್ಧ, 41. ಅಷ್ಟು ಕೆಳಗಿನ ಸ್ವರಕ್ಕೆ ಸ್ಪೀಕರಿನ ಕಾಗದ ತುಂಬಾ ದೂರ ಹಿಂದೆ ಮುಂದೆ ಓಡಾಡ್ಬೇಕು, ಗಿಟಾರ್ ಸ್ಪೀಕರಿಗೆ ಆ ತಾಕತ್ತಿಲ್ಲ, ಜೋರು ಮಾಡಿದಷ್ಟೂ ಹರಿದ ಸದ್ದೇ ಬರೋದು.

ಇನ್ನು 300 ವ್ಯಾಟ್ ಕಥೆ ಕೇಳಿ, ಇದನ್ನ ಬರೆಯೋಕೇ ನಾಚಿಕೆ ಆಗುತ್ತೆ. ಹಿಂದಿನ ಪ್ಲೇಟಲ್ಲಿ 120 ವೋಲ್ಟ್, 60 ಹರ್ಟ್ಜ್, 300 ವ್ಯಾಟ್ ಅಂತಿದೆ. ಅದು ಗೋಡೆಯ ಸಾಕೆಟ್ಟಿಂದ ಎಳೆಯೋ ಪವರ್ರು, ಮಿಕ್ಸಿ ಕೆಳಗೆ 750 ವ್ಯಾಟ್ ಅಂತ ಬರೆದಿರುತ್ತಲ್ಲ ಹಾಗೆ. ಸ್ಪೀಕರಿಗೆ ಹೋಗೋದು ಅದಕ್ಕಿಂತ ಎಷ್ಟೋ ಕಮ್ಮಿ. ರಾತ್ರಿ ನಿದ್ದೆ ಬರದೆ ಓದ್ತಾ ಕೂತಾಗ ಸಿಕ್ತು, 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿ ಅನ್ನೋ ಬೇಸ್ ಆಂಪ್ ನಿಜವಾದ 300 ವ್ಯಾಟಂತೆ, ರೋಲಿಂಗ್ ಸ್ಟೋನ್ಸ್ ಆ ವರ್ಷದ ಅಮೆರಿಕ ಟೂರಿಗೆ ತಗೊಂಡ್ ಹೋಗಿದ್ದು. ನಾನು ಅದೇ ಅಂದಾಜಲ್ಲಿ ಈ ಡಬ್ಬಾ ಹೊತ್ಕೊಂಡು ಬಂದಿದ್ದೆ.

ಮಾರಿದೋನಿಗೆ ಮೆಸೇಜ್ ಹಾಕಿದೆ, ಮರ್ಯಾದೆಯಿಂದಾನೇ. ಮೊದಲ ಉತ್ತರ: "ನನ್ನ ಗ್ಯಾರೇಜಲ್ಲಿ ಚೆನ್ನಾಗಿತ್ತಲ್ಲ, ಕಾರಲ್ಲಿ ಕುಲುಕಿರ್ಬೇಕು." ಕಾರಲ್ಲಿ ಕುಲುಕಿದ್ರೆ ಬೇಸ್ ಸ್ಪೀಕರ್ ಗಿಟಾರ್ ಸ್ಪೀಕರ್ ಆಗುತ್ತಾ ಸ್ವಾಮೀ? ಲೇಬಲ್ ಫೋಟೋ ಕಳಿಸ್ದೆ. "ಮಕ್ಕಳ ಜಾಝ್ ಬ್ಯಾಂಡ್ ತಾನೇ, ಜಾಝ್ ಮೆತ್ತಗಿರುತ್ತೆ, ಅಷ್ಟು ಜೋರು ಯಾಕೆ ಮಾಡ್ತೀರಿ" ಅಂದ. ಆಮೇಲೆ, "ನಿಮ್ಮ ಮಗಳು ತಂತಿ ತುಂಬಾ ಜೋರಾಗಿ ಎಳೀತಾಳೆ ಅನ್ಸುತ್ತೆ." ಇದಕ್ಕೆ ಮಾತ್ರ ಮೈಯೆಲ್ಲ ಉರಿದುಹೋಯ್ತು. 300 ವ್ಯಾಟ್ ಅಂತ ಸುಳ್ಳು ಯಾಕೆ ಹೇಳಿದ್ರಿ ಅಂದೆ. ಹಿಂದಿನ ಪ್ಲೇಟಿನ ಫೋಟೋಗೆ ಕೆಂಪು ವೃತ್ತ ಹಾಕಿ ಕಳಿಸಿ, "ಬರೆದಿದೆಯಲ್ಲ, ನೀವು ಓದಿಲ್ವಾ?" ಅಂದ. ಕೊನೇದಾಗಿ ಒಂದು ಹೆಬ್ಬೆರಳು. ಅಷ್ಟೇ, ಬ್ಲಾಕ್.

ರಿಪೇರಿಯೋನನ್ನ ಕೇಳಿದ್ರೆ ಸರಿಯಾದ ಸ್ಪೀಕರ್, ಕೂಲಿ ಸೇರಿ 180 ಡಾಲರ್ ಅಂದ. ಬೇಡ ಅಂದೆ. ಮೇಷ್ಟ್ರು ಹೇಳಿದ ಹಾಗೆ ನನ್ನ ಜೇಬಿಂದ ಫೆಂಡರ್ ರಂಬಲ್ 100 ಅನ್ನೋ ಬೇಸ್ ಆಂಪ್ ತಗೊಂಡು ಕೊಟ್ಟೆ, ಅಂಗಡಿಯಿಂದ, ವಾಪಸ್ ಕೊಡೋಕೆ ಟೈಮ್ ಇರೋ ಹಾಗೆ. 100 ವ್ಯಾಟು, 12 ಇಂಚ್, 22 ಪೌಂಡ್ ಅಷ್ಟೇ, ಮಗಳೇ ಒಂದು ಕೈಯಲ್ಲಿ ಎತ್ತುತ್ತಾಳೆ. ದೊಡ್ಡ ಹಾಲಲ್ಲಿ ಅಲ್ಲಿನ ಸೌಂಡ್ ಮಿಕ್ಸರಿಗೆ ಸಿಗಿಸೋಕೆ ಲೈನ್ ಔಟ್ ಇದೆ. ಬ್ಯಾಂಡಿಗೆ ಅದು ಸಾಕಾಗಿದೆ, ಆ "300"ರ ಅವಶ್ಯಕತೆನೇ ಇರ್ಲಿಲ್ಲ.

ನೀವು ಹೋದ್ರೆ ಮಾರೋನ ಕೈಲಿ ನುಡಿಸ್ಬೇಡಿ, ಮಕ್ಕಳ ಕೈಲಿ ಅವರದೇ ಬೇಸ್ ಕೊಟ್ಟು ಕೆಳಗಿನ ಇ ತಂತಿ ಜೋರಾಗಿ, ಹತ್ತು ನಿಮಿಷ. ಬೇಸ್ ನಾಬಿಗೆ ಅವನು ಕೈ ಹಾಕಿದ್ರೆ ಅಲ್ಲಿಂದ ಎದ್ದು ಬನ್ನಿ. ವ್ಯಾಟ್ ಎಷ್ಟು ಅಂತ ಪ್ಲೇಟ್ ನೋಡ್ಬೇಡಿ, ಮಾಡೆಲ್ ನಂಬರ್ ಹಾಕಿ ಮ್ಯಾನ್ಯುಯಲ್ ನೋಡಿ. ನಿಂತ್ಕೊಂಡು ನುಡಿಸೋ ದೊಡ್ಡ ಡಬಲ್ ಬೇಸ್ ಆದ್ರೆ ಅದ್ರ ಪೀಜೋ ಪಿಕಪ್ಪಿಗೆ (ಅದುರಾಟನ ಸಿಗ್ನಲ್ ಮಾಡೋ ಪುಟ್ಟ ಸಾಧನ) ಆಂಪಿನ ಇನ್‌ಪುಟ್ ಇಂಪೀಡೆನ್ಸ್, ಅಂದ್ರೆ ಸಿಗ್ನಲ್ಲಿಗೆ ಒಡ್ಡೋ ತಡೆ, ಕನಿಷ್ಠ ಒಂದು ಮೆಗಾಓಮ್ ಆದ್ರೂ ಬೇಕು ಅಂತಾರೆ ಮೇಷ್ಟ್ರು, ಇಲ್ಲಾಂದ್ರೆ ಸ್ವರ ಸೊರಗುತ್ತಂತೆ. ಮತ್ತೆ ಪಕ್ಕದಲ್ಲಿ ಡಬ್ಬ ಇದ್ರೆ ಇಳಿಸಿ ಕಣ್ರೀ, ದಯವಿಟ್ಟು ಇಳಿಸಿ.

ಮನೇಲಿ ಈಗ ಫ್ರಿಜ್ ಸದ್ದು ಮಾಡಿದ್ರೂ ನಮ್ಮವಳು, "ಪೇಂಟ್ ಡಬ್ಬ ಇರ್ಬೇಕು, ನೋಡ್ರೀ" ಅಂತಾಳೆ. ಮಗಳು ನಗಲ್ಲ, ಅದೇ ಕಷ್ಟ. ಬೂಸ್ಟರ್ ಕ್ಲಬ್ಬಿನ ಟ್ರೆಷರರ್ರಿಗೆ ಹೊಸ ಆಂಪಿನ ಬಿಲ್ ಕೊಟ್ಟಿದ್ದೀನಿ, ಹಳೇದ್ರ 350ಕ್ಕೆ ರಸೀದಿ ಎಲ್ಲಿ ಅಂತ ಮೇಲ್ ಬಂದಿದೆ. ಗುರುವಾರ ಮೀಟಿಂಗು.