ಡಿಸ್ನಿಯ ಅಂಗಳದಲ್ಲೇ ಆರ್‌ವಿ ನಿಲ್ಲಿಸಬೇಕೇ, ಹೊರಗೆ ನಿಲ್ಲಿಸಿದರೆ ಸಾಕೇ?

ಅಮೆರಿಕದ ಅಟ್ಲಾಂಟಾದಿಂದ ಫ್ಲೋರಿಡಾದ ಒರ್ಲ್ಯಾಂಡೊಗೆ ಸುಮಾರು 440 ಮೈಲಿ. ಈ ದಾರಿಯಲ್ಲಿ ನಮ್ಮ ಕುಟುಂಬ ಬಾಡಿಗೆಯ ಆರ್‌ವಿಯಲ್ಲಿ, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳಬಹುದಾದ ಮನೆಯಂತಹ ಗಾಡಿಯಲ್ಲಿ, ಮೂರು ಬಾರಿ ಹೋಗಿ ಬಂದಿದೆ. ಮೂರು ಬಾರಿಯೂ ನಾವು ಹೊರಟಿದ್ದು ಹಲವು ಮನರಂಜನಾ ಪಾರ್ಕುಗಳಿರುವ ವಾಲ್ಟ್ ಡಿಸ್ನಿ ವರ್ಲ್ಡ್ ನೋಡುವುದಕ್ಕೇ ಆದರೂ ಗಾಡಿ ನಿಲ್ಲಿಸಿ ತಂಗಿದ ಜಾಗಗಳು ಬೇರೆ ಬೇರೆ. 2022ರ ಡಿಸೆಂಬರಿನಲ್ಲಿ ಕಿಸಿಮೀ ಊರಿನ 192ನೇ ಹೆದ್ದಾರಿಯ ಪಕ್ಕದ ಒಂದು ಖಾಸಗಿ ಕ್ಯಾಂಪ್‌ಗ್ರೌಂಡಿನಲ್ಲಿ (ಆರ್‌ವಿ, ಡೇರೆಗಳಿಗೆ ಜಾಗ ಬಾಡಿಗೆಗೆ ಕೊಡುವ ಬಯಲು), 2023ರ ಮಾರ್ಚಿನಲ್ಲಿ ಡಿಸ್ನಿಯವರದೇ ಆದ ಫೋರ್ಟ್ ವಿಲ್ಡರ್‌ನೆಸ್ ರೆಸಾರ್ಟಿನಲ್ಲಿ, 2025ರ ಜನವರಿಯಲ್ಲಿ ಕ್ಲೆರ್ಮಾಂಟ್ ಬಳಿಯ, ರಾಜ್ಯ ಸರ್ಕಾರದ ಲೇಕ್ ಲೂಯಿಸಾ ಸ್ಟೇಟ್ ಪಾರ್ಕಿನಲ್ಲಿ ನಾವು ತಲಾ ನಾಲ್ಕು ರಾತ್ರಿ ಕಳೆದೆವು. ಗಾಡಿ ಮೂರೂ ಸಲ ಹೆಚ್ಚುಕಡಿಮೆ ಒಂದೇ ಬಗೆಯದು: 25 ಅಡಿ ಉದ್ದ, ಚಾಲಕನ ತಲೆಯ ಮೇಲೊಂದು ಅಟ್ಟದಂತಹ ಹಾಸಿಗೆ, ಹಿಂದೆ ಮಲಗುವ ಕೋಣೆ, ನಡುವೆ ಅಡುಗೆಮನೆ.

ಮೊದಲ ಪ್ರವಾಸಕ್ಕೆ ಮುಂಚೆ ನಾನು ಎಲ್ಲರಂತೆ ಒಂದು ರಾತ್ರಿಗೆ ಎಷ್ಟು ಬಾಡಿಗೆ ಎಂಬುದನ್ನಷ್ಟೇ ಹೋಲಿಸಿ ನೋಡಿದ್ದೆ. ಡಿಸ್ನಿಯ ಜಾಗಕ್ಕೆ ತೆರಿಗೆ ಸೇರಿ 160 ಡಾಲರಿನ ಆಸುಪಾಸು, ಹೆದ್ದಾರಿಯ ಪಕ್ಕದ ಖಾಸಗಿ ಜಾಗಕ್ಕೆ 85. ದೂರ ನೋಡಿದರೆ ಹತ್ತು ಮೈಲಿಯೊಳಗೆ. ಅರ್ಧ ಬೆಲೆಗೆ ಸಿಗುತ್ತಿರುವಾಗ ಇಮ್ಮಡಿ ಕೊಡುವುದೇಕೆ ಎಂದು ಖಾಸಗಿ ಜಾಗವನ್ನೇ ಕಾಯ್ದಿರಿಸಿದೆ. ಶಿವಮೊಗ್ಗದಲ್ಲಿರುವ ಅಪ್ಪನಿಗೆ ಫೋನಿನಲ್ಲಿ, "ಸೈಟ್ ಬುಕ್ ಮಾಡಿದೀನಿ ಅಪ್ಪ" ಎಂದಾಗ ಅವರು ಗಂಭೀರವಾಗಿಯೇ, "ಎಷ್ಟಕ್ಕೆಷ್ಟು? ಮೂವತ್ತು-ನಲವತ್ತಾ?" ಎಂದು ಕೇಳಿದ್ದರು. ನಿಜ ಹೇಳಬೇಕೆಂದರೆ ಆ ಜಾಗ ಅಷ್ಟೂ ಇರಲಿಲ್ಲ. ಪಕ್ಕದ ಗಾಡಿಯವರು ರಾತ್ರಿ ನೋಡುತ್ತಿದ್ದ ಟಿವಿಯ ಮಾತುಗಳು ನಮ್ಮ ಹಾಸಿಗೆಯವರೆಗೂ ಕೇಳುತ್ತಿದ್ದವು.

ಆದರೆ ಅಲ್ಲಿ ನಮ್ಮನ್ನು ಸೋಲಿಸಿದ್ದು ಇಕ್ಕಟ್ಟಲ್ಲ. ಆರ್‌ವಿಯನ್ನು ಬಾಡಿಗೆಗೆ ಪಡೆದು ಹೋಗುವವರು ಮೊದಲೇ ತಿಳಿದಿರಬೇಕಾದ ಸಂಗತಿಯೆಂದರೆ, ಹಿಂದೆ ಇನ್ನೊಂದು ಕಾರನ್ನು ಎಳೆದುಕೊಂಡು ಹೋಗದಿದ್ದರೆ ನಿಮ್ಮ ಮನೆಯೂ ಅದೇ, ಕಾರೂ ಅದೇ. ಬೆಳಿಗ್ಗೆ ಎಂಟಕ್ಕೆ ಪಾರ್ಕಿಗೆ ಹೊರಡಬೇಕೆಂದರೆ ಮನೆಯನ್ನೇ ಬಿಚ್ಚಬೇಕು. ಕೊಳಕು ನೀರಿನ ದಪ್ಪ ಪೈಪನ್ನು ಚರಂಡಿಯ ಬಾಯಿಯಿಂದ ಕಳಚುವ ಮೊದಲು ಶೌಚದ ಟ್ಯಾಂಕನ್ನು ಖಾಲಿ ಮಾಡಿ, ಅದರ ಹಿಂದೆಯೇ ಸ್ನಾನ ಮತ್ತು ಪಾತ್ರೆ ತೊಳೆದ ನೀರಿನ ಟ್ಯಾಂಕನ್ನು ತೆರೆಯಬೇಕು; ಈ ಕ್ರಮ ತಪ್ಪಿದರೆ ಪೈಪಿನೊಳಗೆ ಉಳಿದದ್ದನ್ನು ತೊಳೆಯುವುದಕ್ಕೆ ನೀರಿರುವುದಿಲ್ಲ. ಬಳಿಕ ನೀರಿನ ಪೈಪು, ಕರೆಂಟಿನ ಭಾರವಾದ ಕೇಬಲ್ಲು, ಮಡಚುವ ಚಾವಣಿ, ಗಾಡಿಯನ್ನು ಸಮಮಟ್ಟಕ್ಕೆ ತರಲು ಚಕ್ರದಡಿ ಇಟ್ಟ ಪ್ಲಾಸ್ಟಿಕ್ಕಿನ ಇಟ್ಟಿಗೆಗಳು. ಒಳಗೆ ಕಪಾಟಿನ ಬಾಗಿಲುಗಳನ್ನೆಲ್ಲ ಚಿಲಕ ಹಾಕದೆ ಹೊರಟರೆ ಮೊದಲ ತಿರುವಿನಲ್ಲೇ ಕುಕ್ಕರಿನ ಮುಚ್ಚಳ ಉರುಳಿ ಬರುತ್ತದೆ. ನಮಗೆ ಇದಕ್ಕೆಲ್ಲ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ರಾತ್ರಿ ಪಟಾಕಿ ಪ್ರದರ್ಶನ ಮುಗಿಸಿ, ನಿದ್ದೆಗೆಟ್ಟ ಮಕ್ಕಳನ್ನು ಹೊತ್ತು ಹನ್ನೊಂದಕ್ಕೆ ಹಿಂತಿರುಗಿದ ಮೇಲೆ ಇದನ್ನೇ ತಿರುವುಮುರುವಾಗಿ, ಕೈಯಲ್ಲಿ ಟಾರ್ಚು ಹಿಡಿದು ಮಾಡಬೇಕು.

ಆ ಕ್ಯಾಂಪ್‌ಗ್ರೌಂಡಿನವರು ಪಾರ್ಕುಗಳಿಗೆ ಬಸ್ಸಿನ ವ್ಯವಸ್ಥೆ ಇದೆ ಎಂದು ಹೇಳಿಕೊಂಡಿದ್ದರು. ಬಸ್ಸು ಇದ್ದದ್ದು ನಿಜ. ಹಿಂದಿನ ಸಂಜೆಯೇ ಹೆಸರು ಬರೆಸಬೇಕು, ಬೆಳಿಗ್ಗೆ ಒಂದು ಸಲ ಹೋದರೆ ರಾತ್ರಿ ಒಂದು ಸಲ ಬರುತ್ತದೆ. ಎರಡನೆಯ ದಿನ ಹೆಸರು ಬರೆಸಿ ಕಾದರೂ ಅದು ಬರಲಿಲ್ಲ. ಕೊನೆಗೆ ಮೂರು ದಿನವೂ ಟ್ಯಾಕ್ಸಿ ಹಿಡಿದೆವು. ಹೋಗಿಬರುವುದಕ್ಕೆ ದಿನಕ್ಕೆ 70 ಡಾಲರ್. ಮನೆಗೆ ಬಂದು ಲೆಕ್ಕ ಹಾಕಿದಾಗ ನಾಲ್ಕು ರಾತ್ರಿಯ ಬಾಡಿಗೆ 340, ಟ್ಯಾಕ್ಸಿ 210, ಒಟ್ಟು 550 ಡಾಲರ್ ಆಗಿತ್ತು. ಇಮ್ಮಡಿ ಎಂದು ನಾನು ಬಿಟ್ಟಿದ್ದ ಡಿಸ್ನಿಯ ಜಾಗಕ್ಕೆ ನಾಲ್ಕು ರಾತ್ರಿಗೆ 640 ಆಗುತ್ತಿತ್ತು. ಉಳಿಸಿದ್ದು 90 ಡಾಲರ್.

ಹಾಗಾಗಿ ಮರುವರ್ಷ ಅಪ್ಪ ಅಮ್ಮ ಬಂದಾಗ ಯೋಚಿಸದೆ ಫೋರ್ಟ್ ವಿಲ್ಡರ್‌ನೆಸ್ಸನ್ನೇ ಆರಿಸಿಕೊಂಡೆ. ಡಿಸ್ನಿ ವರ್ಲ್ಡಿನ ಮೊದಲ ಪಾರ್ಕಾದ ಮ್ಯಾಜಿಕ್ ಕಿಂಗ್‌ಡಮ್ ತೆರೆದದ್ದು 1971ರ ಅಕ್ಟೋಬರ್ 1ರಂದು. ಅದೇ ವರ್ಷದ ನವೆಂಬರ್ 19ರಂದು ಈ ಕ್ಯಾಂಪ್‌ಗ್ರೌಂಡು ಬಾಗಿಲು ತೆರೆಯಿತು. ಸುಮಾರು 750 ಎಕರೆಯ ಪೈನ್ ಮತ್ತು ಸೈಪ್ರೆಸ್ ಕಾಡಿನ ನಡುವೆ ಎಂಟುನೂರರಷ್ಟು ಸೈಟುಗಳಿವೆ. ಅವನ್ನು ಲೂಪ್ ಎಂದು ಕರೆಯುವ ಉಂಗುರದಂತಹ ಬೀದಿಗಳಲ್ಲಿ ಜೋಡಿಸಿದ್ದಾರೆ. ಡೇರೆ ಹಾಕುವವರ ಸೈಟುಗಳಲ್ಲಿ ನೀರು ಮತ್ತು ಕರೆಂಟು ಮಾತ್ರ ಇರುತ್ತದೆ. ಆರ್‌ವಿ ತರುವವರು ಚರಂಡಿಯ ಸಂಪರ್ಕವೂ ಇರುವ ಫುಲ್ ಹುಕ್‌ಅಪ್ ಅಥವಾ ಅದಕ್ಕಿಂತ ಮೇಲಿನ ದರ್ಜೆಯನ್ನೇ ಕೇಳಿ ಪಡೆಯಬೇಕು. ಒಂದು ಸೈಟಿನಲ್ಲಿ ಹತ್ತು ಜನ ಇರಬಹುದು. ಡಿಸ್ನಿಯ ಸಾಮಾನ್ಯ ಹೋಟೆಲ್ ಕೋಣೆಯೊಂದರಲ್ಲಿ ನಾಲ್ಕೈದು ಜನರಿಗಷ್ಟೇ ಅವಕಾಶವಿರುವುದರಿಂದ, ಅಜ್ಜ ಅಜ್ಜಿಯರೊಂದಿಗೆ ಆರು ಜನ ಹೊರಡುವ ನಮ್ಮಂತಹವರಿಗೆ ಎರಡು ಕೋಣೆಯ ಖರ್ಚು ಇಲ್ಲಿ ತಪ್ಪುತ್ತದೆ.

ಮಧ್ಯಾಹ್ನ ಒಂದು ಗಂಟೆಗೆ ಸೈಟಿಗೆ ಬಂದು, ಪೈಪು ಕೇಬಲ್ಲುಗಳನ್ನು ಒಮ್ಮೆ ಜೋಡಿಸಿದವನು ಐದನೆಯ ದಿನ ಬೆಳಿಗ್ಗೆ ಹನ್ನೊಂದರವರೆಗೆ ಗಾಡಿಯ ಕೀಲಿಯನ್ನು ಮುಟ್ಟಲಿಲ್ಲ. ನನ್ನ ಮಟ್ಟಿಗೆ ಆ 160 ಡಾಲರಿನಲ್ಲಿ ಹೆಚ್ಚಿನ ಪಾಲು ಇದರದೇ ಬೆಲೆ. ಸೆಟಲ್‌ಮೆಂಟ್ ಎಂಬ ತುದಿಯಲ್ಲಿ ದೋಣಿಕಟ್ಟೆಯಿದೆ. ಅಲ್ಲಿಂದ ಬೇ ಲೇಕ್ ಸರೋವರವನ್ನು ದಾಟುವ ದೋಣಿ ನೇರವಾಗಿ ಮ್ಯಾಜಿಕ್ ಕಿಂಗ್‌ಡಮ್ಮಿನ ಬಾಗಿಲಿಗೆ ಮುಟ್ಟಿಸುತ್ತದೆ. ಕಾರಿನಲ್ಲಿ ಬಂದವರು ದೂರದ ನಿಲುಗಡೆಯಲ್ಲಿ ವಾಹನ ಬಿಟ್ಟು, ಅಲ್ಲಿಂದ ಮಾನೊರೈಲನ್ನೋ ದೊಡ್ಡ ಹಡಗನ್ನೋ ಹಿಡಿದು ಅದೇ ಬಾಗಿಲಿಗೆ ಬರಬೇಕಾಗುತ್ತದೆ. ಶರಾವತಿಯ ಲಾಂಚು ಬಿಟ್ಟರೆ ಬೇರೆ ದೋಣಿ ಹತ್ತದ ಅಮ್ಮ, ನೀರಿನಾಚೆ ಕೋಟೆಯ ಗೋಪುರ ಕಂಡಾಗ ಮೊಮ್ಮಕ್ಕಳಿಗಿಂತ ಮೊದಲು ಎದ್ದು ನಿಂತರು.

ಉಳಿದ ಪಾರ್ಕುಗಳ ವಿಷಯದಲ್ಲಿ ಇಷ್ಟು ಸಲೀಸಿಲ್ಲ. ಆವರಣದೊಳಗೆ ಅತ್ತಿಂದಿತ್ತ ಹೋಗಲು ಸ್ವಂತ ವಾಹನ ಬಳಸುವಂತಿಲ್ಲ. ಸೈಟಿನಿಂದ ಒಳಗಿನ ಬಸ್ಸು ಹಿಡಿದು ಹೆಬ್ಬಾಗಿಲ ಬಳಿಯ ಔಟ್‌ಪೋಸ್ಟ್ ಡಿಪೊಗೆ ಹೋಗಬೇಕು. ಎಪ್ಕಾಟಿಗೋ ಅನಿಮಲ್ ಕಿಂಗ್‌ಡಮ್ಮಿಗೋ ಅಲ್ಲಿಂದ ಇನ್ನೊಂದು ಬಸ್ಸು. ಒಂದು ಗಂಟೆ ಕೈಯಲ್ಲಿಟ್ಟುಕೊಂಡು ಹೊರಡುವುದು ಲೇಸು. ಮಂಡಿನೋವಿನ ಅಪ್ಪನಿಗಾಗಿ ಎರಡು ದಿನ ಗಾಲ್ಫ್ ಕಾರ್ಟು ಬಾಡಿಗೆಗೆ ಪಡೆದೆವು. ಅದಕ್ಕೆ ದಿನಕ್ಕೆ 60 ಡಾಲರಿಗೂ ಹೆಚ್ಚು. ಇದನ್ನು ಲೆಕ್ಕಕ್ಕೆ ಹಿಡಿಯದೆ ಡಿಸ್ನಿಯ ಸೈಟಿನ ಬೆಲೆ ಹೇಳುವುದು ಸರಿಯಲ್ಲ. ನಡೆದಾಡಬಲ್ಲವರಿಗೆ ಅದು ಬೇಡ. ಆದರೆ ಎರಡು ದಿನ ಕಾರ್ಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕುದುರೆ ಲಾಯದವರೆಗೆ ಹೋಗಿಬರುತ್ತಿದ್ದ ಅಪ್ಪ, ಪಾರ್ಕಿಗೆ ಬರುವುದಕ್ಕೇ ಒಲ್ಲೆ ಎಂದದ್ದರಿಂದ ಒಬ್ಬರ ಟಿಕೆಟ್ಟು ಉಳಿಯಿತು ಎಂಬುದೂ ಲೆಕ್ಕದಲ್ಲಿರಲಿ.

ಸಂಜೆಗಳು ಇಲ್ಲಿಯ ನಿಜವಾದ ಸಂಪತ್ತು. ಬಯಲಿನಲ್ಲಿ ಬೆಂಕಿ ಹಾಕಿ, ಹಾಡು ಹೇಳಿಸಿ, ಆಮೇಲೆ ತೆರೆಯ ಮೇಲೆ ಚಲನಚಿತ್ರ ತೋರಿಸುತ್ತಾರೆ. ಇದಕ್ಕೆ ಬೇರೆ ಶುಲ್ಕವಿಲ್ಲ. ಕಡ್ಡಿಗೆ ಚುಚ್ಚಿ ಸುಡುವ ಮಾರ್ಷ್‌ಮ್ಯಾಲೊದಲ್ಲಿ ಸಾಮಾನ್ಯವಾಗಿ ಪ್ರಾಣಿಮೂಲದ ಜೆಲಟಿನ್ ಇರುತ್ತದೆ, ಸಸ್ಯಾಹಾರಿಗಳು ಜೆಲಟಿನ್ ಇಲ್ಲದ್ದನ್ನು ಊರಿನಿಂದಲೇ ತರಬೇಕು. ಕತ್ತಲಾದ ಮೇಲೆ ಸರೋವರದ ದಡಕ್ಕೆ ಹೋದರೆ ದೀಪಗಳ ಹಾವು, ಆಮೆ, ತಿಮಿಂಗಿಲಗಳನ್ನು ಹೊತ್ತ ತೆಪ್ಪಗಳ ಸಾಲೊಂದು ಸಂಗೀತದೊಂದಿಗೆ ಹಾದುಹೋಗುತ್ತದೆ. 1971ರಿಂದ ನಡೆದುಬಂದಿರುವ ಈ ಮೆರವಣಿಗೆಯನ್ನು ನೋಡಿ ಅಮ್ಮ "ನಮ್ಮ ತೆಪ್ಪೋತ್ಸವ ಇದ್ದಂಗೇ ಇದೆಯಲ್ಲೋ" ಎಂದರು. ನನಗೂ ಅದಕ್ಕಿಂತ ಸರಿಯಾದ ಹೋಲಿಕೆ ಹೊಳೆಯಲಿಲ್ಲ.

ಅಡುಗೆಯ ಮಾತು ಮೂರೂ ಜಾಗಗಳಿಗೆ ಸಮಾನವಾದರೂ ಇಲ್ಲಿಯೇ ಹೇಳಿಬಿಡುತ್ತೇನೆ. ಆರ್‌ವಿಯೊಳಗೆ ಒಣಮೆಣಸಿನಕಾಯಿಯ ಒಗ್ಗರಣೆ ಹಾಕಿದರೆ ಹೊಗೆಯ ಅಲಾರಂ ಕೂಗದೆ ಇರುವುದಿಲ್ಲ. ಮೊದಲ ದಿನದ ಸಾರಿಗೇ ನಮಗೆ ಇದು ತಿಳಿಯಿತು. ಇನ್ನೊಂದು ತೊಡಕು ಕರೆಂಟಿನದು. ನಮ್ಮಂತಹ ಗಾಡಿಗೆ 30 ಆಂಪಿಯರ್ ಸಂಪರ್ಕವಿರುತ್ತದೆ. 120 ವೋಲ್ಟಿನಲ್ಲಿ ಅದು 3,600 ವಾಟ್. ಏಸಿ ಓಡುತ್ತಿರುವಾಗ ಮೈಕ್ರೊವೇವೂ ನೀರು ಕಾಯಿಸುವ ಕೆಟಲ್ಲೂ ಒಟ್ಟಿಗೆ ಚಾಲೂ ಆದರೆ ಬ್ರೇಕರ್ ಬೀಳುವುದು ಖಚಿತ. ಎರಡಕ್ಕೂ ನಾವು ಕಂಡುಕೊಂಡ ಉಪಾಯ ಒಂದೇ: ಸೈಟಿನ ವಿದ್ಯುತ್ ಕಂಬದಲ್ಲಿ ದೊಡ್ಡ ಸಂಪರ್ಕಗಳ ಪಕ್ಕದಲ್ಲಿರುವ 20 ಆಂಪಿಯರಿನ ಸಾಮಾನ್ಯ ಸಾಕೆಟ್ಟಿಗೆ ಇಂಡಕ್ಷನ್ ಒಲೆ ಚುಚ್ಚಿ, ಹೊರಗಿನ ಮರದ ಮೇಜಿನ ಮೇಲೆ ಒಗ್ಗರಣೆ ಹಾಕುವುದು. ಬೆಳಗಿನ ಚಿತ್ರಾನ್ನ, ಡಬ್ಬಿಗೆ ಮೊಸರನ್ನ ಹೀಗೇ ಆದವು. ಡಿಸ್ನಿಯ ಪಾರ್ಕುಗಳೊಳಗೆ ಮನೆಯ ಊಟ ಒಯ್ಯಲು ಅಡ್ಡಿಯಿಲ್ಲ, ಗಾಜಿನ ಪಾತ್ರೆ ಮಾತ್ರ ಬೇಡ.

ಲೇಕ್ ಲೂಯಿಸಾಗೆ ಹೋದದ್ದು ಟ್ಯಾಂಪಾದ ಗೆಳೆಯರ ಕುಟುಂಬದ ಒತ್ತಾಯಕ್ಕೆ. ಸುಮಾರು 4,500 ಎಕರೆಯ ಈ ಸ್ಟೇಟ್ ಪಾರ್ಕು ಹಿಂದೆ ಬಹುಪಾಲು ಕಿತ್ತಳೆ ತೋಟವಾಗಿತ್ತು; 1980ರ ದಶಕದ ಕಡು ಹಿಮಕ್ಕೆ ಈ ಸೀಮೆಯ ತೋಟಗಳು ನಾಶವಾದವು. ಸಮತಟ್ಟಾದ ಫ್ಲೋರಿಡಾದಲ್ಲಿ ಅಪರೂಪವೆನಿಸುವ ದಿಬ್ಬಗಳು ಇಲ್ಲಿವೆ, ಅವುಗಳ ನಡುವೆ ಕೆರೆಗಳಿವೆ. ಸೈಪ್ರೆಸ್ ಎಲೆ ತೊಗಟೆಗಳ ಒಗರು ಇಳಿದು ಲೂಯಿಸಾ ಸರೋವರದ ನೀರು ಕಷಾಯದ ಬಣ್ಣಕ್ಕೆ ತಿರುಗಿದೆ. ಸೈಟಿನ ದರ ರಾತ್ರಿಗೆ 24 ಡಾಲರ್. ಕಾಯ್ದಿರಿಸುವ ಶುಲ್ಕ, ಕರೆಂಟಿನ ಶುಲ್ಕ, ತೆರಿಗೆ ಎಲ್ಲ ಸೇರಿದರೂ ನಮಗೆ 40ರ ಒಳಗೇ ಮುಗಿಯಿತು, ಅದೂ ನೀರು, ಕರೆಂಟು, ಚರಂಡಿ ಮೂರೂ ಇದ್ದು. ಇಲ್ಲಿ ಒಂದು ಸೈಟಿಗೆ ಎಂಟು ಜನ.

ಇಷ್ಟು ಅಗ್ಗವಾಗಿರುವುದರಿಂದಲೇ ಅದು ಸಿಗುವುದು ಕಷ್ಟ. 2024ರ ಆರಂಭದಿಂದ ಫ್ಲೋರಿಡಾದ ನಿವಾಸಿಗಳು 11 ತಿಂಗಳು ಮುಂಚಿತವಾಗಿ ಕಾಯ್ದಿರಿಸಬಹುದು, ಹೊರರಾಜ್ಯದವರಿಗೆ 10 ತಿಂಗಳಷ್ಟೇ. ಚಳಿಗಾಲದ ವಾರಾಂತ್ಯಗಳು ಆ ಒಂದು ತಿಂಗಳ ಅಂತರದಲ್ಲೇ ಭರ್ತಿಯಾಗುತ್ತವೆ. ನಮಗೆ ದೊರೆತದ್ದು ಭಾನುವಾರದಿಂದ ಗುರುವಾರದವರೆಗಿನ ನಾಲ್ಕು ರಾತ್ರಿ. ಡಿಸ್ನಿಯ ಪಾರ್ಕುಗಳಿಗೆ ಇಲ್ಲಿಂದ ಯಾವ ಬಸ್ಸೂ ಇಲ್ಲ. ಗೆಳೆಯರ ಏಳು ಸೀಟಿನ ಕಾರು ಇಲ್ಲದೆ ಹೋಗಿದ್ದರೆ ನಾವು ಮತ್ತೆ ಮನೆ ಬಿಚ್ಚಿ ಕಟ್ಟುವ ಪಾಡಿಗೇ ಬೀಳುತ್ತಿದ್ದೆವು. ಕಾರಿನಲ್ಲಿ ಅರ್ಧ ಗಂಟೆಯ ದಾರಿ, ಡಿಸ್ನಿಯ ನಿಲುಗಡೆಗೆ ಆಗ ದಿನಕ್ಕೆ 30 ಡಾಲರ್ ಇತ್ತು. ಮೂರು ದಿನದ ನಿಲುಗಡೆಯನ್ನು ಸೇರಿಸಿದರೂ ಒಟ್ಟು ಖರ್ಚು 250 ಡಾಲರನ್ನು ಮುಟ್ಟಲಿಲ್ಲ. ಅಷ್ಟು ಹಣಕ್ಕೆ ಫೋರ್ಟ್ ವಿಲ್ಡರ್‌ನೆಸ್ಸಿನಲ್ಲಿ ಎರಡು ರಾತ್ರಿಯೂ ದಕ್ಕುವುದಿಲ್ಲ.

ಹಾಗಾದರೆ ಇದೇ ಉತ್ತಮವೇ ಎಂದರೆ, ಅದು ನೀವು ಹಗಲನ್ನು ಎಲ್ಲಿ ಕಳೆಯುತ್ತೀರಿ ಎಂಬುದನ್ನು ಅವಲಂಬಿಸಿದೆ. ಪಾರ್ಕಿನಿಂದ ಮಧ್ಯಾಹ್ನ ಬಂದು ಮಕ್ಕಳನ್ನು ಎರಡು ಗಂಟೆ ಮಲಗಿಸಿ ಮತ್ತೆ ಹೋಗುವ ಸೌಕರ್ಯ ಫೋರ್ಟ್ ವಿಲ್ಡರ್‌ನೆಸ್ಸಿನಿಂದ ಮಾತ್ರ ಸಾಧ್ಯವಾಯಿತು. ಲೇಕ್ ಲೂಯಿಸಾದಿಂದ ಒಮ್ಮೆ ಹೊರಟರೆ ರಾತ್ರಿಯೇ ಮನೆ. ಇನ್ನೊಂದೆಡೆ, ಪಾರ್ಕಿಗೆ ಹೋಗದ ದಿನ ಲೂಯಿಸಾದ ದಿಬ್ಬಗಳ ಮೇಲೆ ನಡೆದಾಡಿ, ಸಂಜೆ ಎರಡು ಮನೆಯವರೂ ಸೇರಿ ಮಂಡಕ್ಕಿ ಮೆಣಸಿನಕಾಯಿ ಮಾಡಿಕೊಂಡು ಕುಳಿತ ನಿಶ್ಶಬ್ದ ಡಿಸ್ನಿಯ ಅಂಗಳದಲ್ಲಿ ಸಿಕ್ಕಿರಲಿಲ್ಲ. ಖಾಸಗಿ ಕ್ಯಾಂಪ್‌ಗ್ರೌಂಡನ್ನು ನಾನು ಇನ್ನು ಆರಿಸುವುದಾದರೆ, ಉಳಿದೆರಡೂ ಭರ್ತಿಯಾಗಿರುವಾಗ ಮತ್ತು ಬಾಡಿಗೆಗೊಂದು ಸಣ್ಣ ಕಾರು ಜೊತೆಗಿರುವಾಗ ಮಾತ್ರ.

ಆರ್‌ವಿ ಓಡಿಸುವ ಧೈರ್ಯವಿಲ್ಲದವರಿಗೆ ಇನ್ನೊಂದು ದಾರಿಯಿದೆ. ಎಂಜಿನ್ ಇಲ್ಲದ, ಎಳೆದೊಯ್ಯುವ ಆರ್‌ವಿಯಾದ ಟ್ರೇಲರನ್ನು ನಿಮ್ಮ ಹೆಸರಿನ ಸೈಟಿಗೇ ತಂದು, ಪೈಪು ಕೇಬಲ್ಲುಗಳನ್ನು ಜೋಡಿಸಿ, ಕೊನೆಯ ದಿನ ಬಂದು ಎಳೆದೊಯ್ಯುವ, ಬಾಡಿಗೆಗೆ ಕೊಡುವವರು ಒರ್ಲ್ಯಾಂಡೊ ಸುತ್ತಮುತ್ತ ಇದ್ದಾರೆ. ನಮ್ಮ ಪಕ್ಕದ ಸೈಟಿನವರು ಫೋರ್ಟ್ ವಿಲ್ಡರ್‌ನೆಸ್ಸಿಗೆ ಹಾಗೆಯೇ ಬಂದಿದ್ದರು. ಸ್ವಂತ ಕಾರಿನಲ್ಲಿ ಬಂದಿಳಿದ ಅವರು, ನಾನು ಚರಂಡಿಯ ಪೈಪಿನೊಂದಿಗೆ ಗುದ್ದಾಡುತ್ತಿರುವುದನ್ನು ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದರು.

ಅಪ್ಪ ಅಮ್ಮ ಮುಂದಿನ ಬಾರಿ ಬರುವಾಗ ಮೊದಲೆರಡು ರಾತ್ರಿ ಲೇಕ್ ಲೂಯಿಸಾದಲ್ಲಿ ಪಾರ್ಕಿನ ಗೊಡವೆಯಿಲ್ಲದೆ ಇದ್ದು, ಆಮೇಲಿನ ಮೂರು ರಾತ್ರಿಗೆ ಫೋರ್ಟ್ ವಿಲ್ಡರ್‌ನೆಸ್ಸಿಗೆ ಗಾಡಿ ಸಾಗಿಸುವುದೆಂದು ನಿರ್ಧರಿಸಿದ್ದೇವೆ. ನಡುವೆ ಒಮ್ಮೆ ಮಾತ್ರ ಮನೆ ಬಿಚ್ಚಬೇಕಾಗುತ್ತದೆ. ಗಾಲ್ಫ್ ಕಾರ್ಟನ್ನು ಈ ಸಲ ಮೂರು ದಿನಕ್ಕೂ ಹೇಳಿಡಬೇಕೆಂದು ಅಪ್ಪ ಈಗಾಗಲೇ ಎರಡು ಬಾರಿ ನೆನಪಿಸಿದ್ದಾರೆ.