ಶಿವಮೊಗ್ಗದ ಡಿಗ್ರಿ ಮಕ್ಕಳೇ, ರೆಸ್ಯೂಮೆಗೆ ಸುಳ್ಳು ಅನುಭವ ಹಾಕಿಸಿಕೊಳ್ಳಬೇಡಿ

ಹೋದ ವಾರ ಊರಿಗೆ ಹೋಗುವಾಗ ಶಿವಮೊಗ್ಗದ ಪ್ರೈವೇಟ್ ಬಸ್ ಸ್ಟ್ಯಾಂಡ್ ಹತ್ತಿರದ ಗೋಡೆ ಮೇಲೆ ಮತ್ತೆ ಅದೇ ಪೋಸ್ಟರ್ ನೋಡಿದೆ. ರೆಸ್ಯೂಮೆ ಮಾಡಿಕೊಡುತ್ತೇವೆ, ಕೆಲಸ ಗ್ಯಾರಂಟಿ ಅಂತ. ಫೋನ್ ನಂಬರ್ ಮಾತ್ರ ಬೇರೆ. ಕಾಲೇಜು ಬ್ಯಾಗ್ ಹಾಕಿಕೊಂಡಿದ್ದ ಇಬ್ಬರು ಹುಡುಗರು ಆ ನಂಬರಿನ ಫೋಟೋ ತೆಗೆದುಕೊಳ್ಳುತ್ತಿದ್ದರು. ಹೋಗಿ ಮಾತಾಡಿಸಿದೆ. ಬಸ್ ಹೊರಡುವ ಹೊತ್ತಾಗಿತ್ತು, ಪೂರ್ತಿ ಹೇಳಲು ಆಗಲಿಲ್ಲ. ಅವರಿಗೆ ಹೇಳದೆ ಉಳಿದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಹೊಸನಗರ ತಾಲ್ಲೂಕಿನ ಹಳ್ಳಿಯವನು. ವಿನೋಬನಗರದಲ್ಲಿ ಮೂವರು ಸೇರಿ ರೂಮ್ ಮಾಡಿಕೊಂಡು ಬಿಸಿಎ ಓದಿದೆವು. 2024ರ ಮೇ ತಿಂಗಳು. ಕೊನೆಯ ಸೆಮಿಸ್ಟರ್ ಮುಗಿಯುತ್ತಾ ಬಂದಿತ್ತು. ಕಾಲೇಜಿಗೆ ಬಂದ ಎರಡು ಕಂಪನಿಗಳಲ್ಲೂ ನಮಗೆ ಆಗಿರಲಿಲ್ಲ. ಅಲ್ಲಿಯವರೆಗೆ ರೆಸ್ಯೂಮೆ ಅಂದರೆ ಏನು ಅಂತ ನಾನು ಸರಿಯಾಗಿ ಯೋಚಿಸಿಯೇ ಇರಲಿಲ್ಲ. ಸೀನಿಯರ್ ಒಬ್ಬರ ಫೈಲ್ ತೆಗೆದುಕೊಂಡು ಹೆಸರು ಬದಲಿಸಿದ್ದೆ, ಅಷ್ಟೇ. ಎರಡನೇ ವರ್ಷದಲ್ಲೇ ಶುರು ಮಾಡಬೇಕಿದ್ದ ಕೆಲಸವನ್ನು ಕೊನೆಯ ತಿಂಗಳಿಗೆ ತಂದು ನಿಲ್ಲಿಸಿದ್ದೆ. ಆ ಗಾಬರಿಯಲ್ಲೇ ಪೋಸ್ಟರ್ ಕಣ್ಣಿಗೆ ಬಿತ್ತು.

ಅಂಗಡಿ ಸಾಲಿನ ಮೇಲಿನ ಮಹಡಿಯಲ್ಲಿ ಆ ಕನ್ಸಲ್ಟೆನ್ಸಿಯ ಚಿಕ್ಕ ಆಫೀಸು. ಗೋಡೆ ತುಂಬಾ ದೊಡ್ಡ ದೊಡ್ಡ ಕಂಪನಿಗಳ ಲೋಗೋ. ಮೊದಲ ದಿನ ನೋಂದಣಿಗೆ ಅಂತ ಕೇಳಿದ್ದು ಬರೀ 500 ರೂಪಾಯಿ. ಅಷ್ಟೇ ತಾನೇ ಅಂತ ಕೊಟ್ಟೆವು. ವಾರ ಬಿಟ್ಟು ರೆಸ್ಯೂಮೆಗೆ ಮತ್ತು ಟ್ರೇನಿಂಗಿಗೆ 4,500. ಆಮೇಲೆ ‘ಪ್ರೊಫೈಲ್ ಸ್ಟ್ರಾಂಗ್ ಮಾಡಲು’ 13,000. ಒಟ್ಟು 18,000. ಒಂದೇ ಸಲ 18,000 ಕೇಳಿದ್ದರೆ ಎದ್ದು ಬರುತ್ತಿದ್ದೆ. ಆದರೆ 500 ಕೊಟ್ಟ ಮೇಲೆ 4,500 ಕೊಡದಿದ್ದರೆ ಆ 500 ಹೋಯ್ತಲ್ಲ ಅನ್ನಿಸುತ್ತದೆ. 5,000 ಹೋದ ಮೇಲೆ ಇನ್ನೂ ಗಟ್ಟಿಯಾಗಿ ಹಾಗೆ ಅನ್ನಿಸುತ್ತದೆ. ಅವರ ಲೆಕ್ಕ ನಿಂತಿರುವುದೇ ಇದರ ಮೇಲೆ. ದುಡ್ಡು ಹೋಗಿದ್ದು ಕಂಪನಿಯ ಅಕೌಂಟಿಗಲ್ಲ, ಯಾರದೋ ಸ್ವಂತ ನಂಬರಿಗೆ, ಫೋನ್‌ಪೇನಲ್ಲಿ. ರಸೀದಿ ಕೇಳಿದರೆ ‘ಮೆಸೇಜ್ ಬಂದಿದೆಯಲ್ಲಪ್ಪಾ, ಅದೇ ರಸೀದಿ’ ಅಂದರು.

ಆ 13,000 ಅಪ್ಪಯ್ಯ ಕೊಟ್ಟಿದ್ದು. ಮಳೆ ಶುರುವಾಗುವ ಹೊತ್ತು. ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಸಲು ಮೈಲುತುತ್ತಕ್ಕೆ, ಸುಣ್ಣಕ್ಕೆ, ಆಳಿನ ಕೂಲಿಗೆ ಅಂತ ಎತ್ತಿಟ್ಟಿದ್ದ ದುಡ್ಡು. ‘ಔಷಧಿಗೆ ಸೊಸೈಟಿಲಿ ಕೇಳಿದ್ರಾಯ್ತು, ನಿಂದು ಮೊದ್ಲು ಆಗ್ಲಿ’ ಅಂದರು. ಮಲೆನಾಡಿನವರಿಗೆ ಗೊತ್ತಿರುತ್ತದೆ, ಮೊದಲ ಔಷಧಿ ತಡವಾದರೆ ಅಡಿಕೆ ಗೊನೆ ಗೊನೆಯೇ ಕೊಳೆತು ಉದುರುತ್ತದೆ. ಆ ವರ್ಷ ನಮ್ಮಲ್ಲಿ ತಡವಾಯಿತು.

ಇನ್ನು ಅವರು ಮಾಡಿಕೊಟ್ಟ ರೆಸ್ಯೂಮೆ. ನನ್ನ ಹಳೆಯದರಲ್ಲಿ ಒಂದೇ ಒಂದು ಸ್ವಂತ ಸಾಲಿತ್ತು. ನಮ್ಮ ಮನೆಯಲ್ಲಿ ಅಡಿಕೆ ಸುಲಿಯುವ ಕಾಲದಲ್ಲಿ ಯಾರು ಎಷ್ಟು ಕೆಜಿ ಸುಲಿದರು, ಎಷ್ಟು ಮುಂಗಡ ತೆಗೆದುಕೊಂಡಿದ್ದಾರೆ ಅಂತ ಅಮ್ಮ ಪುಸ್ತಕದಲ್ಲಿ ಬರೆಯುತ್ತಿದ್ದಳು. ಶನಿವಾರದ ಬಟವಾಡೆ ಹೊತ್ತಿಗೆ ಲೆಕ್ಕ ತಪ್ಪಿ ಮಾತಿಗೆ ಮಾತು ಬೆಳೆಯುತ್ತಿತ್ತು. ಅದಕ್ಕೆ ನಾನು ಪೈಥಾನ್‌ನಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಬರೆದಿದ್ದೆ. ಅಮ್ಮ ಈಗಲೂ ಅದನ್ನೇ ಬಳಸುತ್ತಾಳೆ. ಕನ್ಸಲ್ಟೆನ್ಸಿಯವರು ಆ ಸಾಲನ್ನು ತೆಗೆದುಹಾಕಿದರು. ‘ಹಳ್ಳಿ ವಿಷಯ ಎಲ್ಲ ಬೇಡ, ಬೆಂಗಳೂರಲ್ಲಿ ನಗ್ತಾರೆ’ ಅಂದರು. ಅದರ ಜಾಗಕ್ಕೆ ಬಂದಿದ್ದು ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್. ನಾನು ಅದನ್ನು ಮಾಡಿಯೇ ಇರಲಿಲ್ಲ.

ಜೂನ್‌ನಲ್ಲಿ ಒಂದು ಕಂಪನಿಯ ಸಂದರ್ಶನಕ್ಕೆ ಮೂವರೂ ಒಟ್ಟಿಗೆ ಹೋದೆವು. ಎಚ್‌ಆರ್ ಮೇಡಂ ಮೂರೂ ರೆಸ್ಯೂಮೆಗಳನ್ನು ಮೇಜಿನ ಮೇಲೆ ಪಕ್ಕ ಪಕ್ಕ ಇಟ್ಟರು. ಮೂರರಲ್ಲೂ ಅದೇ ಪ್ರಾಜೆಕ್ಟ್. ಅದೇ ‘ಉದ್ದೇಶ’. ಹವ್ಯಾಸವೂ ಅದೇ, ಕ್ರಿಕೆಟ್ ಮತ್ತು ಓದು. ಅವರು ಬೈಯಲಿಲ್ಲ. ‘ಇದರಲ್ಲಿ ನೀವು ಯಾರು?’ ಅಂತ ಕೇಳಿದರು. ನನಗೆ ಉತ್ತರ ಬರಲಿಲ್ಲ. ಆಗಲೇ ಕಣ್ಣು ತೆರೆಯಬೇಕಿತ್ತು.

ತೆರೆಯಲಿಲ್ಲ. ವಾಪಸ್ ಹೋಗಿ ಕೇಳಿದಾಗ ಕನ್ಸಲ್ಟೆನ್ಸಿಯವರು, ‘ಫ್ರೆಶರ್ ಅಂದ್ರೆ ಯಾರೂ ತಗೊಳ್ಳಲ್ಲಪ್ಪಾ, ಎರಡು ವರ್ಷ ಎಕ್ಸ್‌ಪೀರಿಯನ್ಸ್ ಹಾಕ್ತೀವಿ’ ಅಂದರು. ಬೆಂಗಳೂರಿನ ಒಂದು ಕಂಪನಿ ಹೆಸರಿನಲ್ಲಿ ಅನುಭವ ಪತ್ರ, ಮೂರು ತಿಂಗಳ ಪೇ ಸ್ಲಿಪ್ ಬಂತು. ನಾನು ಬೇಡ ಅನ್ನಲಿಲ್ಲ. ಇದನ್ನು ಬರೆಯುವುದು ಕಷ್ಟ. ಆದರೂ ಮುಚ್ಚಿಟ್ಟರೆ ಈ ಬರಹದಿಂದ ಯಾರಿಗೂ ಉಪಯೋಗವಿಲ್ಲ. ಮೋಸ ಹೋಗಿದ್ದು ನಿಜ. ಮೋಸದಲ್ಲಿ ನಾನೂ ಪಾಲುದಾರನಾಗಿದ್ದು ಅಷ್ಟೇ ನಿಜ.

ಆಗಸ್ಟ್‌ನಲ್ಲಿ ಒಂದು ಕಡೆ ಆಯ್ಕೆಯಾಯಿತು. ಆಫರ್ ಲೆಟರ್ ಬಂತು. ಅಪ್ಪಯ್ಯ ನೆಂಟರಿಗೆಲ್ಲ ಫೋನ್ ಮಾಡಿ ಹೇಳಿದರು. ಮೂರು ವಾರ ಬಿಟ್ಟು ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್, ಅಂದರೆ ರೆಸ್ಯೂಮೆಯಲ್ಲಿ ಬರೆದಿದ್ದು ನಿಜವೇ ಅಂತ ಪರಿಶೀಲಿಸುವುದು, ಶುರುವಾಯಿತು.

ಇದು ಹೇಗೆ ನಡೆಯುತ್ತದೆ ಅಂತ ನಮ್ಮ ಕಡೆಯ ಹುಡುಗರಿಗೆ ಗೊತ್ತಿಲ್ಲ. ಹಿಂದಿನ ಕಂಪನಿಗೆ ಒಂದು ಫೋನ್ ಮಾಡಿ ಬಿಟ್ಟುಬಿಡುತ್ತಾರೆ ಅಂದುಕೊಂಡಿರುತ್ತೇವೆ. ಹಾಗಲ್ಲ. ಅವರು ಯುಎಎನ್ ನಂಬರ್ ಕೇಳುತ್ತಾರೆ. ಪಿಎಫ್ ಇರುವ ಪ್ರತಿಯೊಬ್ಬ ನೌಕರನಿಗೂ ಇರುವ 12 ಅಂಕಿಯ ನಂಬರ್ ಅದು. ಯಾವ ಕಂಪನಿಗೆ ಯಾವತ್ತು ಸೇರಿದೆ, ಯಾವತ್ತು ಬಿಟ್ಟೆ ಅನ್ನುವುದು ಅದರಲ್ಲಿ ಸಿಗುತ್ತದೆ. 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಂಪನಿ ಸಾಮಾನ್ಯವಾಗಿ ಪಿಎಫ್ ಕಾನೂನಿನ ಅಡಿ ಬರುತ್ತದೆ. ಹಾಗಾಗಿ ‘ನಮ್ಮಲ್ಲಿ ಪಿಎಫ್ ಇರಲಿಲ್ಲ’ ಅಂದ ತಕ್ಷಣ ಅನುಮಾನ ಶುರು. ಆಮೇಲೆ ಸಂಬಳ ಬಿದ್ದ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ. ಪೇ ಸ್ಲಿಪ್ ಯಾರು ಬೇಕಾದರೂ ಟೈಪ್ ಮಾಡಬಹುದು, ಬ್ಯಾಂಕಿಗೆ ಬಾರದ ಸಂಬಳವನ್ನು ಎಲ್ಲಿಂದ ತರುವುದು? ನನ್ನ ವಿಷಯದಲ್ಲಿ ಅಷ್ಟು ದೂರ ಹೋಗುವ ಅಗತ್ಯವೂ ಬೀಳಲಿಲ್ಲ. ಅನುಭವ ಪತ್ರದ ಪ್ರಕಾರ ನಾನು 2022ರಿಂದ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದೆ. ಅಂಕಪಟ್ಟಿ ಪ್ರಕಾರ ಅದೇ ಹೊತ್ತಿನಲ್ಲಿ ಶಿವಮೊಗ್ಗದಲ್ಲಿ ದಿನವೂ ತರಗತಿಗೆ ಹೋಗುವ ವಿದ್ಯಾರ್ಥಿ. ಎರಡು ಕಾಗದಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ.

ಸೆಪ್ಟೆಂಬರ್‌ನಲ್ಲಿ ಮೇಲ್ ಬಂತು. ಆಫರ್ ರದ್ದು. ಮುಂದೆ ಆ ಕಂಪನಿಗೆ ಅರ್ಜಿ ಹಾಕುವ ಹಾಗಿಲ್ಲ. ಪೊಲೀಸ್ ದೂರು ಕೊಡದೆ ಬಿಟ್ಟಿದ್ದು ಅವರ ದೊಡ್ಡತನ. ನಕಲಿ ಪತ್ರವನ್ನು ಅಸಲಿ ಅಂತ ಕೊಡುವುದು ಅಪರಾಧ. ಅದನ್ನು ತಯಾರಿಸಿದವರು ಬೇರೆಯವರು ಅನ್ನುವ ಮಾತು ಕೊಟ್ಟವನನ್ನು ಉಳಿಸುವುದಿಲ್ಲ. ಸಹಿ ಇದ್ದಿದ್ದು ನನ್ನದು.

ಮನೆಗೆ ಹೋಗಿ ಹೇಳಿದೆ. ಅಮ್ಮ ಅತ್ತಳು. ಅಪ್ಪಯ್ಯ ಜಗುಲಿಯಲ್ಲಿ ಕೂತು ಅಡಿಕೆ ಹೆರೆಯುತ್ತಿದ್ದರು. ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, ‘ದುಡ್ಡು ಹೋದ್ರೆ ಹೋಗ್ಲಿ ಮಾರಾಯ, ನೀನು ಮಾಡಿದ ಕೆಲಸನೇ ಕಡಿಮೆ ಇತ್ತನಾ, ಸುಳ್ಳು ಯಾಕೆ ಬೇಕಾಯ್ತು’ ಅಂದರು. ಅಷ್ಟೇ ಕೇಳಿದ್ದು.

ಆ ಪ್ರಶ್ನೆ ಹಿಡಿದುಕೊಂಡೇ ಹೊಸ ರೆಸ್ಯೂಮೆ ಬರೆಯಲು ಕೂತೆ. ಎರಡು ದಿನ ಹಿಡಿಯಿತು. ಒಂದೇ ಪುಟ. ಬಟವಾಡೆ ಪ್ರೋಗ್ರಾಂ ವಾಪಸ್ ಬಂತು, ಮೊದಲ ಜಾಗಕ್ಕೇ. ಏನು ತೊಂದರೆ ಇತ್ತು, ಏನು ಮಾಡಿದೆ, ಯಾರು ಬಳಸುತ್ತಿದ್ದಾರೆ ಅಂತ ಮೂರು ಸಾಲು. ಗೊತ್ತಿಲ್ಲದ ಭಾಷೆಗಳ ಹೆಸರು ತೆಗೆದೆ. ಕನ್ಸಲ್ಟೆನ್ಸಿಯವರು ಅದರಲ್ಲಿ ಆಧಾರ್ ನಂಬರ್, ಪ್ಯಾನ್ ನಂಬರ್, ಅಪ್ಪನ ಹೆಸರು, ಜಾತಿ, ಮನೆಯ ಪೂರ್ತಿ ವಿಳಾಸ ಎಲ್ಲ ಹಾಕಿದ್ದರು. ಅದೇ ಪ್ರತಿ ಎಷ್ಟು ಜನರ ಕೈಗೆ ಹೋಗಿದೆಯೋ. ದಯವಿಟ್ಟು ಇವು ಯಾವುದನ್ನೂ ಹಾಕಬೇಡಿ. ಫೋನ್, ಮೇಲ್, ಊರಿನ ಹೆಸರು ಸಾಕು.

ಅವರು ಕೊಟ್ಟಿದ್ದ ಎರಡು ಕಾಲಮ್ಮಿನ ಬಣ್ಣದ ನಮೂನೆಯನ್ನೂ ಬಿಟ್ಟೆ. ಎಷ್ಟೋ ಕಂಪನಿಗಳಲ್ಲಿ ರೆಸ್ಯೂಮೆಯನ್ನು ಮನುಷ್ಯರಿಗಿಂತ ಮೊದಲು ಓದುವುದು ಎಟಿಎಸ್ ಅನ್ನುವ ಸಾಫ್ಟ್‌ವೇರ್. ಅದಕ್ಕೆ ಬೇಕಾಗಿರುವುದು ಅಕ್ಷರ. ನಿಮ್ಮದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಪಿಡಿಎಫ್ ತೆರೆದು ಎಲ್ಲವನ್ನೂ ಕಾಪಿ ಮಾಡಿ ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ. ಎಡಗಡೆ ಕಾಲಮ್ಮಿನ ಸಾಲು ಬಲಗಡೆಯದರ ಜೊತೆ ಕಲಸಿಹೋಗಿದ್ದರೆ ಸಾಫ್ಟ್‌ವೇರ್‌ಗೂ ಹಾಗೆಯೇ ಕಾಣಬಹುದು. ನನ್ನ ಹಳೆಯದರಲ್ಲಿ ಫೋನ್ ನಂಬರ್ ಹೋಗಿ ಹವ್ಯಾಸದ ನಡುವೆ ಕೂತಿತ್ತು. ಪೈಥಾನ್ 80%, ಜಾವಾ 70% ಅಂತ ಪಟ್ಟಿ ಎಳೆಯುವುದೂ ಬೇಡ. 80% ಅಂದರೆ ಯಾರ ಲೆಕ್ಕ ಅಂತ ಕೇಳಿದರೆ ಏನು ಹೇಳುತ್ತೀರಿ?

ಕೆಲಸ ಹುಡುಕುವುದಕ್ಕೂ ಒಂದು ಯೋಜನೆ ಬೇಕು, ಅದರಲ್ಲೂ ನಮ್ಮ ಮಲೆನಾಡಿನ ಮಕ್ಕಳಿಗೆ. ಮೊದಲ ಸುತ್ತು ಹೆಚ್ಚಾಗಿ ಆನ್‌ಲೈನ್ ಟೆಸ್ಟ್, ಕ್ಯಾಮೆರಾ ಆನ್ ಇರಬೇಕು. ಜುಲೈ ತಿಂಗಳಲ್ಲಿ ನಮ್ಮ ಊರಲ್ಲಿ ಮರ ಬಿದ್ದರೆ ಕರೆಂಟ್ ಎರಡು ದಿನ ಇರುವುದಿಲ್ಲ, ಟವರ್ ಕೂಡ ಹೋಗುತ್ತದೆ. ನನ್ನ ಒಂದು ಟೆಸ್ಟ್ ಹಾಗೇ ಅರ್ಧಕ್ಕೆ ನಿಂತಿತು. ಅದಕ್ಕೆ ಆ ಎರಡು ಮೂರು ತಿಂಗಳು ಶಿವಮೊಗ್ಗದಲ್ಲೋ ಸಾಗರದಲ್ಲೋ ಸ್ನೇಹಿತರ ರೂಮಿನಲ್ಲಿ ಇರುವುದಕ್ಕೆ ಮೊದಲೇ ಮಾತಾಡಿಟ್ಟುಕೊಳ್ಳಿ. ಎಲ್ಲಿ ಅರ್ಜಿ ಹಾಕಿದೆ, ಯಾವ ದಿನ, ಏನು ಉತ್ತರ ಬಂತು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ಅರ್ಜಿ ಹಾಕುವುದು ಕಂಪನಿಯ ಸ್ವಂತ ವೆಬ್‌ಸೈಟ್‌ನಲ್ಲೇ ಇರಲಿ. ಟಿಸಿಎಸ್, ಇನ್ಫೋಸಿಸ್‌ನಂಥ ಕಂಪನಿಗಳು ಕೆಲಸ ಕೊಡಲು ದುಡ್ಡು ಕೇಳುವುದಿಲ್ಲ ಅಂತ ತಾವೇ ಬರೆದು ಹಾಕಿವೆ. ದುಡ್ಡು ಕೇಳಿದರು ಅಂದರೆ ಮಾತು ಅಲ್ಲಿಗೇ ಮುಗಿಯಬೇಕು, 500 ಆದರೂ.

ಬಸ್ ಚಾರ್ಜಿಗೆ, ಪರೀಕ್ಷೆ ಫೀಸಿಗೆ ಕಷ್ಟ ಇರುವವರು ರಾಜ್ಯ ಸರ್ಕಾರದ ಯುವನಿಧಿ ಯೋಜನೆಗೆ ಅರ್ಜಿ ಹಾಕಿ. 2024ರ ಜನವರಿ 12ರಂದು ಅದಕ್ಕೆ ಚಾಲನೆ ಸಿಕ್ಕಿದ್ದು ನಮ್ಮ ಶಿವಮೊಗ್ಗದ ಫ್ರೀಡಂ ಪಾರ್ಕಿನಲ್ಲೇ. ಪಾಸಾಗಿ 180 ದಿನ ಕೆಲಸ ಸಿಗದಿದ್ದರೆ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಯಾರಿಗೂ ಕಮಿಷನ್ ಕೊಡಬೇಕಿಲ್ಲ.

ನನಗೆ 2025ರ ಜನವರಿಯಲ್ಲಿ ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಫ್ರೆಶರ್ ಅಂತಲೇ. ಸಂಬಳ ಜಾಸ್ತಿ ಇಲ್ಲ. ಸಂದರ್ಶನದಲ್ಲಿ ಇಪ್ಪತ್ತು ನಿಮಿಷ ಬಟವಾಡೆ ಪ್ರೋಗ್ರಾಂ ಬಗ್ಗೆಯೇ ಕೇಳಿದರು. ಮುಂಗಡ ಕೂಲಿಗಿಂತ ಜಾಸ್ತಿಯಾದರೆ ಏನು ಮಾಡುತ್ತೀಯ, ಅಮ್ಮ ತಪ್ಪು ಅಂಕಿ ಹಾಕಿದರೆ ಹೇಗೆ ತಿಳಿಯುತ್ತದೆ ಅಂತ. ಎಲ್ಲದಕ್ಕೂ ನನ್ನ ಹತ್ತಿರ ಉತ್ತರ ಇತ್ತು, ಯಾಕೆಂದರೆ ಎಲ್ಲವೂ ನಮ್ಮ ಜಗುಲಿಯಲ್ಲಿ ಆಗಿಹೋಗಿತ್ತು.

ಈಗಾಗಲೇ ಇಂಥವರಿಗೆ ದುಡ್ಡು ಕಟ್ಟಿದವರಿಗೆ ಎರಡು ಮಾತು. ಆನ್‌ಲೈನ್‌ನಲ್ಲಿ ಕಳಿಸಿ ಮೋಸ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ದುಡ್ಡು ತಡೆಹಿಡಿಯುವುದು ಕಷ್ಟ. ನಾನು ನಾಲ್ಕು ತಿಂಗಳು ಬಿಟ್ಟು ಹೋದೆ, ದೂರು ತೆಗೆದುಕೊಂಡರು, ದುಡ್ಡು ಬರಲಿಲ್ಲ. ಅವರು ಮಾಡಿಕೊಟ್ಟ ರೆಸ್ಯೂಮೆಯನ್ನು ಎಲ್ಲೆಲ್ಲಿ ಹಾಕಿದ್ದೀರೋ ಅಲ್ಲೆಲ್ಲ ತೆಗೆದುಹಾಕಿ. ಕೆಲಸದ ವೆಬ್‌ಸೈಟ್‌ಗಳಲ್ಲಿ ನಿಮ್ಮ ಹೆಸರಿನಲ್ಲಿ ಅವರೇ ಖಾತೆ ತೆರೆದಿದ್ದರೆ ಪಾಸ್‌ವರ್ಡ್ ಬದಲಿಸಿ.

ಮತ್ತೆ, ಅಸಲಿ ಮಾರ್ಕ್ಸ್ ಕಾರ್ಡ್ ಯಾರ ಕೈಗೂ ಕೊಡಬೇಡಿ. ತೋರಿಸಲೇಬೇಕಾದರೆ ಡಿಜಿಲಾಕರ್ ಪ್ರತಿ ಇದೆ, ಕಾನೂನಿನಲ್ಲಿ ಅದಕ್ಕೆ ಮೂಲ ದಾಖಲೆಯಷ್ಟೇ ಬೆಲೆ. ನನ್ನ ರೂಮ್‌ಮೇಟ್ ಒಬ್ಬ ‘ಸೆಕ್ಯುರಿಟಿ’ ಅಂತ ಕೇಳಿದ್ದಕ್ಕೆ ಎಸ್‌ಎಸ್‌ಎಲ್‌ಸಿ, ಪಿಯುಸಿ ಎರಡೂ ಕೊಟ್ಟಿದ್ದ. ವಾಪಸ್ ತರಲು ಹೋದಾಗ ಆ ಮಹಡಿಗೆ ಬೀಗ ಬಿದ್ದಿತ್ತು, ಕೆಳಗಿನ ಅಂಗಡಿಯವರಿಗೂ ಅವರು ಎಲ್ಲಿ ಹೋದರು ಅಂತ ಗೊತ್ತಿರಲಿಲ್ಲ. ಮೊನ್ನೆ ಪೊಲೀಸ್ ಠಾಣೆಯಲ್ಲಿ ದೂರಿನ ಪ್ರತಿ ತೆಗೆದುಕೊಂಡು ಓದಿದ ಶಾಲೆಗೆ ಹೋದ, ಇನ್ನೊಂದು ಮಾರ್ಕ್ಸ್ ಕಾರ್ಡಿಗೆ ಅರ್ಜಿ ಹಾಕಲು. ಜೊತೆಗೆ ನಾನೂ ಹೋಗಿದ್ದೆ. ಹತ್ತನೇ ತರಗತಿಯಲ್ಲಿ ನಮಗೆ ಗಣಿತ ಹೇಳಿಕೊಟ್ಟ ಮೇಷ್ಟ್ರೇ ಈಗ ಅಲ್ಲಿ ಹೆಡ್‌ಮಾಸ್ಟರ್. ಏನಾಯ್ತು ಅಂತ ಕೇಳಿದರು. ಇಬ್ಬರೂ ಪೂರ್ತಿ ಹೇಳಿದೆವು.