ಬೈಕ್ ಸೀಟಿಗೆ ಹೊಸ ಫೋಮಾ, ಜೆಲ್ಲಾ, ಗಾಳಿ ಕುಶನ್ನಾ?

ದಿನಾ ಕೆಲಸಕ್ಕೆ ಹೋಗಿಬರುವಷ್ಟರಲ್ಲಿ ಕುಂಡೆ ಜೋಮು ಹಿಡಿಯುತ್ತದೆ, ಏನು ಹಾಕಿಸಲಿ ಅಂತ ಕೇಳಿದ್ದೀರಿ. ಮೊದಲಿಗೆ, ಅಂಗಡಿಯಲ್ಲಿ ಒತ್ತಿ ನೋಡಿ ‘ಆಹಾ, ಮೆತ್ತಗಿದೆ’ ಅಂತ ಕೊಳ್ಳಬೇಡಿ. ತೀರಾ ಮೆತ್ತನೆಯ ಫೋಮ್ ಸ್ವಲ್ಪ ಹೊತ್ತಿಗೇ ಕುಸಿಯುತ್ತದೆ. ಆಮೇಲೆ ಕೂರುವ ಮೂಳೆಗಳಿಗೆ ಸಿಗುವುದು ಕೆಳಗಿನ ಗಟ್ಟಿ ತಳವೇ.

ಖರ್ಚು ನೋಡಿದರೆ, ಪೂರ್ತಿ ಹೊಸ ಜೆಲ್ ಸೀಟಿಗಿಂತ ಹಳೆ ಸೀಟಿಗೇ ದಟ್ಟವಾದ ಫೋಮ್ ಹಾಕಿಸುವುದು ಸಾಮಾನ್ಯವಾಗಿ ಅಗ್ಗ. ಇದರ ನಿಜವಾದ ಲಾಭ ಆಕಾರದ್ದು. ನೀವು ಕುಳ್ಳಗಿದ್ದರೆ ಮುಂಭಾಗ ಕಿರಿದು ಮಾಡಿಸಿ, ಕಾಲು ಸಲೀಸಾಗಿ ನೆಲಕ್ಕೆ ಸಿಗುತ್ತದೆ. ಟ್ಯಾಂಕ್ ಕಡೆ ಜಾರುತ್ತಿದ್ದರೆ ಇಳಿಜಾರನ್ನೂ ಸರಿಪಡಿಸಬಹುದು. ಆದರೆ ಕೆಲಸಗಾರನ ಕೈ ಚೆನ್ನಾಗಿರಬೇಕು, ಅಲ್ವಾ?

ಜೆಲ್ ಭಾರವನ್ನು ಹರಡುತ್ತದೆ, ಎಂಜಿನ್ನಿನ ನಡುಕವನ್ನೂ ತಗ್ಗಿಸುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಬೈಕಾದರೆ ಮಾತ್ರ ಕಷ್ಟ. ಕಾದ ಜೆಲ್ ಬೇಗ ಆರುವುದಿಲ್ಲ, ಕೂತವನು ಹಾರಿ ಏಳಬೇಕು! ನೆರಳಲ್ಲಿ ಪಾರ್ಕಿಂಗ್ ಇದ್ದವರಿಗೆ ಇದು ಸರಿ.

ಗಾಳಿ ಕುಶನ್ ಕಟ್ಟುವುದು, ಬಿಚ್ಚುವುದು ಸುಲಭ. ಎರಡು ಬೈಕ್ ಓಡಿಸುವವರಿಗೆ, ಸೀಟು ಬಿಚ್ಚಿಸಲು ಮನಸ್ಸಿಲ್ಲದವರಿಗೆ ಒಳ್ಳೆಯದು. ಎಲ್ಲರೂ ಮಾಡುವ ತಪ್ಪೆಂದರೆ ಬಲೂನಿನಂತೆ ಊದಿಸುವುದು. ಕೂತುಕೊಂಡೇ ಸ್ವಲ್ಪಸ್ವಲ್ಪ ಗಾಳಿ ಬಿಡಿ. ತಳ ತಾಗುವುದಕ್ಕೆ ಇನ್ನೊಂದು ಬೆರಳು ಬಾಕಿ ಎನ್ನುವಾಗ ನಿಲ್ಲಿಸಿ. ಪಟ್ಟಿ ಸಡಿಲವಿದ್ದರೆ ತಿರುವಿನಲ್ಲಿ ಅಲುಗುತ್ತದೆ. ಪಂಕ್ಚರ್ ಭಯವೂ ಇದ್ದೇ ಇದೆ.

ಮಳೆಯಲ್ಲಿ ಓಡಾಟ ಜಾಸ್ತಿಯೇ? ಹಾಗಾದರೆ ಫೋಮ್ ಸೀಟಿನ ಕವರಿನಲ್ಲಿ ಕೂರುವ ಜಾಗಕ್ಕೆ ಹೊಲಿಗೆ ಬರದಂತೆ ಹೇಳಿ ಮಾಡಿಸಿ. ಆ ಸೂಜಿ ತೂತುಗಳಿಂದಲೇ ನೀರು ಇಳಿಯುವುದು.